ಜಪಾನಿನ ಖಾಸಗಿ ವಿಶ್ವವಿದ್ಯಾಲಯದಲ್ಲಿ ಗಕುಚೋ ಕೆಲಸ ಹೇಗೆ ನಡೆಯುತ್ತದೆ: ಗಡಿನಾಡಿನ ಕಾಲೇಜಿನವರಿಗೆ ಕೈಪಿಡಿ

ಕಾಸರಗೋಡಿನ ಅನುದಾನಿತ ಶಾಲೆಗಳಲ್ಲಿ ದುಡಿದವರಿಗೆ ಮ್ಯಾನೇಜರ ಅಧಿಕಾರ ಎಲ್ಲಿಗೆ ಮುಗಿಯುತ್ತದೆ, ಹೆಡ್‌ಮಾಸ್ಟರ ಅಧಿಕಾರ ಎಲ್ಲಿಂದ ಶುರುವಾಗುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ನೇಮಕದ ಆದೇಶಕ್ಕೆ ಮ್ಯಾನೇಜರ ಸಹಿ, ಟೈಮ್‌ಟೇಬಲಿಗೆ ಹೆಡ್‌ಮಾಸ್ಟರ ಸಹಿ. ಜಪಾನಿನ ಖಾಸಗಿ ವಿಶ್ವವಿದ್ಯಾಲಯವನ್ನು ಅರ್ಥ ಮಾಡಿಕೊಳ್ಳಲು ಇಷ್ಟು ಗೊತ್ತಿದ್ದರೆ ಅರ್ಧ ದಾರಿ ಸಾಗಿದಂತೆ. ಅಲ್ಲಿಯೂ ಎರಡು ಕುರ್ಚಿ. ಸಂಸ್ಥೆಯ ಆಡಳಿತ ಮಂಡಳಿಗೆ ರಿಜಿಚೋ ಮುಖ್ಯಸ್ಥರು, ವಿಶ್ವವಿದ್ಯಾಲಯಕ್ಕೆ ಗಕುಚೋ ಮುಖ್ಯಸ್ಥರು. ಇಂಗ್ಲಿಷ್ ಕಾಗದಪತ್ರಗಳಲ್ಲಿ ‘ಪ್ರೆಸಿಡೆಂಟ್’ ಎಂದು ಬರುವುದು ಸಾಮಾನ್ಯವಾಗಿ ಈ ಗಕುಚೋ.

ದೊಡ್ಡ ವ್ಯತ್ಯಾಸ ಇರುವುದು ಸಂಬಳದಲ್ಲಿ. ನಮ್ಮಲ್ಲಿ ಅನುದಾನಿತ ಶಾಲೆಯ ಮಾಷ್ಟ್ರುಗಳಿಗೆ ಸಂಬಳ ಸರಕಾರದ್ದು. ಜಪಾನಿನ ಖಾಸಗಿ ವಿಶ್ವವಿದ್ಯಾಲಯಗಳಿಗೆ ಸಿಗುವ ಸರಕಾರಿ ಅನುದಾನ ಒಟ್ಟಾರೆ ದಿನನಿತ್ಯದ ಖರ್ಚಿನ ಹತ್ತನೇ ಒಂದು ಪಾಲಿನ ಆಸುಪಾಸು ಮಾತ್ರ. ಉಳಿದದ್ದರಲ್ಲಿ ಸಿಂಹಪಾಲು ಮಕ್ಕಳ ಶುಲ್ಕದಿಂದಲೇ ಹುಟ್ಟಬೇಕು. ಪಾಠದ ಮೇಲಿನ ಅಧಿಕಾರವನ್ನು ಕಾನೂನು ಗಕುಚೋ ಕೈಗೆ ಕೊಟ್ಟಿದೆ, ತಿಜೋರಿಯ ಕೀಲಿಕೈ ಮಾತ್ರ ಇನ್ನೊಬ್ಬರ ಬಳಿ ಇದೆ. ಆ ಕುರ್ಚಿಯ ಕಷ್ಟವೆಲ್ಲ ಶುರುವಾಗುವುದು ಇಲ್ಲಿಂದ.

ಜಪಾನಿನ ಸಂಸ್ಥೆಯೊಂದರ ಜತೆ ಒಪ್ಪಂದಕ್ಕೆ ಹೊರಟ ಪ್ರಿನ್ಸಿಪಾಲರು, ಅಲ್ಲಿಗೆ ಅಧ್ಯಾಪಕರಾಗಿ ಹೋಗುವವರು, ಮುಂದೊಂದು ದಿನ ಅಲ್ಲಿಯ ಆಡಳಿತದಲ್ಲಿ ಕೂರಬೇಕಾಗಿ ಬರುವವರು, ಈ ಮೂವರ ಉಪಯೋಗಕ್ಕೆ ಇದನ್ನು ಬರೆದಿದೆ.

ಮೊದಲು ಯಾರ ಕೈಯಲ್ಲಿ ಏನಿದೆ ಎಂದು ಗುರುತಿಸಿ

ಖಾಸಗಿ ವಿಶ್ವವಿದ್ಯಾಲಯಕ್ಕೆ ಸ್ವಂತ ಕಾನೂನು ಅಸ್ತಿತ್ವವಿಲ್ಲ. ಅದನ್ನು ನಡೆಸುವುದು ‘ಗಕ್ಕೋ ಹೋಜಿನ್’ ಎಂಬ ಶಾಲಾ ಸಂಸ್ಥೆ. ಜಮೀನು, ಕಟ್ಟಡ, ಬ್ಯಾಂಕ್ ಖಾತೆ, ನೌಕರಿಯ ಕರಾರು ಎಲ್ಲ ಅದರ ಹೆಸರಿನಲ್ಲಿ. 1949ರ ಖಾಸಗಿ ಶಾಲಾ ಕಾಯ್ದೆಯಂತೆ ಈ ಸಂಸ್ಥೆಯಲ್ಲಿ ಕನಿಷ್ಠ 5 ನಿರ್ದೇಶಕರು, ಕನಿಷ್ಠ 2 ತಪಾಸಕರು ಇರಬೇಕು. ನಿರ್ದೇಶಕರ ಮಂಡಳಿ ರಿಜಿಕಾಯ್, ತಪಾಸಕರು ಕಾಂಜಿ. ಇದರ ಜತೆ ಹ್ಯೋಗಿಇನ್‌ಕಾಯ್ ಎಂಬ ದೊಡ್ಡ ಸಲಹಾ ಸಭೆ. ಹಳೆ ವಿದ್ಯಾರ್ಥಿಗಳು, ನೌಕರರು, ಊರಿನ ಗಣ್ಯರು ಇದರಲ್ಲಿ ಇರುತ್ತಾರೆ.

ಈ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿ 2025ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಈಗ ಒಬ್ಬರೇ ನಿರ್ದೇಶಕರೂ ಸಲಹಾ ಸಭೆಯ ಸದಸ್ಯರೂ ಆಗುವಂತಿಲ್ಲ. ತಪಾಸಕರನ್ನು ಆರಿಸುವುದು ಸಲಹಾ ಸಭೆ. ವಿಲೀನ, ಮುಚ್ಚುವಿಕೆಯಂಥ ದೊಡ್ಡ ನಿರ್ಧಾರಗಳಿಗೆ ಸಲಹಾ ಸಭೆಯ ಒಪ್ಪಿಗೆಯೂ ಬೇಕು. ಹಳೆಯ ಪುಸ್ತಕ ಓದಿ ಹೋದವರು ಇಲ್ಲಿ ಎಡವುತ್ತಾರೆ.

ಗಕುಚೋ ಅಧಿಕಾರ ಬರುವುದು ಬೇರೆ ಕಾನೂನಿನಿಂದ, 1947ರ ಶಾಲಾ ಶಿಕ್ಷಣ ಕಾಯ್ದೆಯ 92ನೇ ಕಲಮಿನಿಂದ. ವಿಶ್ವವಿದ್ಯಾಲಯದ ಕೆಲಸಕಾರ್ಯಗಳನ್ನು ನಡೆಸುವುದು, ಸಿಬ್ಬಂದಿಯ ಮೇಲ್ವಿಚಾರಣೆ ನೋಡುವುದು ಅವರ ಹೊಣೆ ಎಂದು ಅದು ಹೇಳುತ್ತದೆ. ಮರು ಕಲಮು, 93ನೆಯದು, ಕ್ಯೋಜುಕಾಯ್ ಎಂಬ ಪ್ರಾಧ್ಯಾಪಕರ ಸಭೆಯ ಬಗ್ಗೆ. ಇನ್ನು ನಿರ್ದೇಶಕರಲ್ಲಿ ಸಂಸ್ಥೆ ನಡೆಸುವ ಶಾಲೆಯ ಮುಖ್ಯಸ್ಥರು ಇರಲೇಬೇಕೆಂದು ಖಾಸಗಿ ಶಾಲಾ ಕಾಯ್ದೆ ಹೇಳುವುದರಿಂದ ಗಕುಚೋಗೆ ಸಾಮಾನ್ಯವಾಗಿ ರಿಜಿಕಾಯ್‌ನಲ್ಲೂ ಒಂದು ಕುರ್ಚಿ ಸಿಗುತ್ತದೆ. ನಮ್ಮ ಹೆಡ್‌ಮಾಸ್ಟರಿಗೆ ಇಲ್ಲದ ಅನುಕೂಲ ಇದು. ಆದರೆ ಅಲ್ಲಿ ಅವರ ಮತ ಒಂದೇ.

ಹುದ್ದೆಯ ಹೆಸರು ನೋಡಿ ಮೋಸಹೋಗಬೇಡಿ. ವಾಸೆದಾ ವಿಶ್ವವಿದ್ಯಾಲಯದ ಮುಖ್ಯಸ್ಥರು ‘ಸೋಚೋ’, ಕೇಯೋ ವಿಶ್ವವಿದ್ಯಾಲಯದವರು ‘ಜುಕುಚೋ’. ಇಬ್ಬರ ಕೈಯಲ್ಲೂ ಮಂಡಳಿಯ ಅಧ್ಯಕ್ಷತೆ, ವಿಶ್ವವಿದ್ಯಾಲಯದ ಮುಖ್ಯಸ್ಥಿಕೆ ಎರಡೂ ಸೇರಿವೆ. ರಿತ್ಸುಮೇಯ್ಕಾನ್‌ನಲ್ಲಿ ಸೋಚೋ ಬೇರೆ, ರಿಜಿಚೋ ಬೇರೆ. ದೋಶಿಶಾದಲ್ಲಿ ಸೋಚೋ, ರಿಜಿಚೋ, ಗಕುಚೋ ಮೂರೂ ಹುದ್ದೆಗಳಿವೆ. ವಿಸಿಟಿಂಗ್ ಕಾರ್ಡಿನ ಇಂಗ್ಲಿಷ್ ಬದಿಯನ್ನು ಓದಿ ಬಿಟ್ಟರೆ ಸಾಲದು. ಜಪಾನಿ ಬದಿಯಲ್ಲಿ ಏನಿದೆ ಎಂದು ಬಲ್ಲವರಿಂದ ಓದಿಸಿ.

ಒಪ್ಪಿಕೊಳ್ಳುವ ಮೊದಲು ಓದಬೇಕಾದ ಕಡತಗಳು

ಗಕುಚೋ ಆಯ್ಕೆಗೆ ದೇಶಕ್ಕೆಲ್ಲ ಒಂದೇ ವಿಧಾನವಿಲ್ಲ. ಕೆಲವೆಡೆ ಪ್ರಾಧ್ಯಾಪಕರು ಮತ ಹಾಕುತ್ತಾರೆ, ಕೆಲವೆಡೆ ಆಯ್ಕೆ ಸಮಿತಿ ಹೆಸರು ಸೂಚಿಸುತ್ತದೆ, ಸ್ಥಾಪಕರ ಮನೆತನವೇ ನಡೆಸುವ ಕಡೆ ಹೆಸರು ಮೊದಲೇ ಗೊತ್ತಿರುತ್ತದೆ. ಹೇಗೇ ಆದರೂ ಕೊನೆಯ ನೇಮಕ ಸಂಸ್ಥೆಯದ್ದು. ಬೆಪ್ಪುವಿನ ರಿತ್ಸುಮೇಯ್ಕಾನ್ ಏಷ್ಯಾ ಪೆಸಿಫಿಕ್ ವಿಶ್ವವಿದ್ಯಾಲಯ ಮುಕ್ತವಾಗಿ ಹೆಸರುಗಳನ್ನು ಆಹ್ವಾನಿಸಿ, ವಿಮಾ ಕಂಪನಿ ಕಟ್ಟಿದ ದೆಗುಚಿ ಹರುವಾಕಿ ಅವರನ್ನು 2018ರ ಜನವರಿಯಲ್ಲಿ ಆ ಕುರ್ಚಿಯಲ್ಲಿ ಕೂರಿಸಿತು. ಇಂಥದ್ದು ಅಪರೂಪ.

ಅವಧಿ ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ವರ್ಷ. ಅಷ್ಟರಲ್ಲಿ ಒಂದು ಹೊಸ ವಿಭಾಗ ತೆರೆದು ಅದರ ಮೊದಲ ತಂಡ ಪದವಿ ಪಡೆಯುವುದನ್ನು ನೋಡಲೂ ಸಮಯ ಸಾಲದು. ಹಾಗಾಗಿ ಮೊದಲ ತಿಂಗಳು ಭಾಷಣಕ್ಕೆ ಹೋಗದೆ ಕಡತಕ್ಕೆ ಹೋಗಬೇಕು. ಮೊದಲನೆಯದು ‘ಕಿಫು ಕೋಇ’, ಅಂದರೆ ಸಂಸ್ಥೆಯ ಮೂಲ ನಿಯಮಾವಳಿ. ಡೀನ್‌ಗಳನ್ನು ಯಾರು ನೇಮಿಸುತ್ತಾರೆ, ಪ್ರಾಧ್ಯಾಪಕರ ನೇಮಕಕ್ಕೆ ಗಕುಚೋ ಸಹಿ ಸಾಕೋ ರಿಜಿಕಾಯ್ ಒಪ್ಪಿಗೆ ಬೇಕೋ, ಗಕುಚೋರನ್ನು ತೆಗೆಯುವ ದಾರಿ ಯಾವುದು, ಈ ಪ್ರಶ್ನೆಗಳಿಗೆ ಉತ್ತರ ಅದರಲ್ಲೋ ಅದರ ಕೆಳಗಿನ ನಿಯಮಗಳಲ್ಲೋ ಇರುತ್ತದೆ. ಎರಡನೆಯದು ಐದು ವರ್ಷದ ಲೆಕ್ಕಪತ್ರ. ಒಟ್ಟು ಆದಾಯದಲ್ಲಿ ಸಂಬಳದ ಪಾಲು ಅರ್ಧದ ಆಸುಪಾಸು ಇರುವುದು ಸಾಮಾನ್ಯ. ಅದು ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ, ಸಂಬಳ ಹೆಚ್ಚಾಯಿತೋ ಮಕ್ಕಳು ಕಡಿಮೆಯಾದರೋ ಎಂದು ಬಿಡಿಸಿ ನೋಡಬೇಕು. ಹೆಚ್ಚಿನ ಕಡೆ ಎರಡನೆಯದೇ ಕಾರಣ. ಮೂರನೆಯದು ವಿಭಾಗವಾರು ಪ್ರವೇಶದ ಸಂಖ್ಯೆ, ಒಟ್ಟು ಮೊತ್ತವಲ್ಲ. ಒಟ್ಟು ಲೆಕ್ಕದಲ್ಲಿ ನರ್ಸಿಂಗ್ ವಿಭಾಗದ ಭರ್ತಿಯ ಹಿಂದೆ ಸಾಹಿತ್ಯ ವಿಭಾಗದ ಖಾಲಿ ಬೆಂಚು ಅಡಗಿರುತ್ತದೆ. ನಾಲ್ಕನೆಯದು ಪ್ರಾಧ್ಯಾಪಕರ ನಿವೃತ್ತಿಯ ಪಟ್ಟಿ. ಇರುವವರನ್ನು ತೆಗೆಯುವುದು ಕಷ್ಟ. ಯಾರ ಜಾಗ ಯಾವ ವರ್ಷ ತೆರವಾಗುತ್ತದೆ ಎಂಬುದರ ಮೇಲೇ ಪಠ್ಯಕ್ರಮದ ಬದಲಾವಣೆ ನಿಂತಿರುತ್ತದೆ.

ಇಷ್ಟು ಓದಿದ ಮೇಲೆ ರಿಜಿಚೋ ಜತೆ ಕೂತು ಒಂದು ಪುಟದ ಟಿಪ್ಪಣಿ ಮಾಡಿಕೊಳ್ಳುವುದು ಉತ್ತಮ. ಗಕುಚೋ ತಾವೇ ಖರ್ಚು ಮಾಡಬಹುದಾದ ವಿವೇಚನಾ ನಿಧಿ ಎಷ್ಟು, ಯಾವ ಮೊತ್ತದ ಮೇಲಿನದ್ದು ಮಂಡಳಿಗೆ ಹೋಗಬೇಕು, ಖಾಲಿ ಹುದ್ದೆಗಳನ್ನು ತುಂಬುವ ನಿರ್ಧಾರ ಯಾರದು ಎಂಬುದು ಅದರಲ್ಲಿರಲಿ. ಬಾಯಿಮಾತಿನಲ್ಲಿ ಬಿಟ್ಟರೆ ಎರಡನೇ ವರ್ಷ ಗಂಟು ಬೀಳುತ್ತದೆ.

ತಲೆ ಎಣಿಕೆ

ಶಾಲೆ ತೆರೆದು ಆರನೇ ಕೆಲಸದ ದಿನದ ತಲೆ ಎಣಿಕೆ ನಮ್ಮ ಕನ್ನಡ ಮಾಧ್ಯಮ ಶಾಲೆಗಳಿಗೆ ಎಷ್ಟು ಮುಖ್ಯವೋ, ಡಿವಿಷನ್ ಉಳಿಯುವುದೋ ಬೀಳುವುದೋ ಅಂದೇ ಹೇಗೆ ತೀರ್ಮಾನವಾಗುತ್ತದೋ, ಜಪಾನಿನಲ್ಲಿ ಮೇ 1ರ ಎಣಿಕೆಗೆ ಅಷ್ಟೇ ತೂಕ. ಶಿಕ್ಷಣ ಸಚಿವಾಲಯದ ವಾರ್ಷಿಕ ಸಮೀಕ್ಷೆಯ ದಿನ ಅದು. ಯಾವ ವಿಶ್ವವಿದ್ಯಾಲಯ ಎಷ್ಟು ಭರ್ತಿಯಾಗಿದೆ ಎಂದು ಅನುದಾನ ಕೊಡುವವರಿಂದ ಹಿಡಿದು ಪತ್ರಿಕೆಯವರ ತನಕ ಎಲ್ಲರೂ ಹೇಳುವುದು ಈ ಸಂಖ್ಯೆಯನ್ನು.

ಹಿನ್ನೆಲೆ ಇದು. 1992ರಲ್ಲಿ ಜಪಾನಿನಲ್ಲಿ 18 ವಯಸ್ಸಿನವರು ಸುಮಾರು 20.5 ಲಕ್ಷ; ಈಗ 11 ಲಕ್ಷಕ್ಕೂ ಕಡಿಮೆ. ವಿಶ್ವವಿದ್ಯಾಲಯಗಳು ಮಾತ್ರ 800ರಷ್ಟಿವೆ, ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ಖಾಸಗಿ. 2024ರ ಪ್ರವೇಶದಲ್ಲಿ ಖಾಸಗಿ ವಿಶ್ವವಿದ್ಯಾಲಯಗಳ ಪೈಕಿ ಶೇ 59.2ರಷ್ಟಕ್ಕೆ ತಮ್ಮ ಸೀಟು ತುಂಬಲಿಲ್ಲ. ಟೋಕಿಯೋದ ಕೇಯ್ಸೆನ್ ವಿಶ್ವವಿದ್ಯಾಲಯ 2024ರಿಂದ ಹೊಸ ಪ್ರವೇಶ ನಿಲ್ಲಿಸುವುದಾಗಿ 2023ರಲ್ಲಿ ಪ್ರಕಟಿಸಿತು.

ಸೀಟು ಖಾಲಿ ಉಳಿದರೆ ಕೈ ಎಷ್ಟು ಕಚ್ಚುತ್ತದೆ ಎಂದು ಲೆಕ್ಕ ಹಾಕಿ ನೋಡಿ. 2023ರಲ್ಲಿ ಖಾಸಗಿ ವಿಶ್ವವಿದ್ಯಾಲಯದ ಸರಾಸರಿ ಬೋಧನಾ ಶುಲ್ಕ ವರ್ಷಕ್ಕೆ ಸುಮಾರು 9.6 ಲಕ್ಷ ಯೆನ್. 100 ಸೀಟಿನ ವಿಭಾಗದಲ್ಲಿ ಒಂದು ವರ್ಷ 20 ಸೀಟು ಉಳಿಯಿತು ಎನ್ನಿ. ಆ ವರ್ಷದ ನಷ್ಟ 1.92 ಕೋಟಿ ಯೆನ್. ಆ ತಂಡ ನಾಲ್ಕು ವರ್ಷ ಹಾಗೆಯೇ ಸಾಗುವುದರಿಂದ ಒಟ್ಟು 7.68 ಕೋಟಿ. ಪ್ರತಿ ವರ್ಷದ ಪ್ರವೇಶದಲ್ಲೂ 20 ಸೀಟು ಉಳಿಯುತ್ತ ಹೋದರೆ ನಾಲ್ಕನೇ ವರ್ಷ 80 ಮಕ್ಕಳ ಕೊರತೆ, ಆ ಒಂದೇ ವರ್ಷದಲ್ಲಿ 7.68 ಕೋಟಿ. ಮೊದಲ ವರ್ಷದ ಲೆಕ್ಕ ನೋಡಿ ನೆಮ್ಮದಿಯಿಂದ ಇದ್ದ ಮಂಡಳಿಗಳು ಮೂರನೇ ವರ್ಷಕ್ಕೆ ಗಾಬರಿಯಾಗುವುದು ಇದೇ ಕಾರಣಕ್ಕೆ.

ಇದರ ಮೇಲೆ ಅನುದಾನದ ಕತ್ತರಿ. ಮಂಜೂರಾದ ಸಂಖ್ಯೆಯ ಅರ್ಧಕ್ಕಿಂತ ಕೆಳಗಿಳಿದ ವಿಭಾಗಕ್ಕೆ ಅನುದಾನ ಸಿಗುವುದಿಲ್ಲ. ಅದಕ್ಕಿಂತ ಮೇಲಿದ್ದರೂ ಕೊರತೆಗೆ ತಕ್ಕಂತೆ ಕಡಿತ ಇದೆ. ಅಳತೆ ಮೀರಿ ತುಂಬಿಸಿದರೂ ಕತ್ತರಿ ತಪ್ಪದು. ಬಡ ಮಕ್ಕಳ ಶುಲ್ಕ ಭರಿಸಲು 2020ರಲ್ಲಿ ಸರಕಾರ ತಂದ ನೆರವಿನ ಯೋಜನೆಯಿಂದಲೂ, ಸತತ ಮೂರು ವರ್ಷ ಶೇ 80ಕ್ಕಿಂತ ಕೆಳಗಿರುವ ಸಂಸ್ಥೆ, ವಿನಾಯಿತಿ ಇಲ್ಲದಿದ್ದರೆ, ಹೊರಬೀಳುತ್ತದೆ. ನೆರವು ಇಲ್ಲ ಎಂದು ತಿಳಿದ ಮನೆಯವರು ಅರ್ಜಿಯನ್ನೇ ಹಾಕುವುದಿಲ್ಲ. ಕೊರತೆ ಕೊರತೆಯನ್ನೇ ಹೆರುತ್ತದೆ.

ಎಷ್ಟು ಮಂದಿಯನ್ನು ಪಾಸು ಮಾಡಬೇಕು

ಫೆಬ್ರವರಿಯಲ್ಲಿ ಗಕುಚೋ ಮೇಜಿಗೆ ಬರುವ ಅತಿ ಕಠಿಣ ಕಾಗದ ಇದು. ಒಂದೊಂದು ವಿದ್ಯಾರ್ಥಿಯೂ ಹಲವು ಖಾಸಗಿ ವಿಶ್ವವಿದ್ಯಾಲಯಗಳ ಪರೀಕ್ಷೆ ಬರೆದಿರುತ್ತಾನೆ, ಪಾಸಾದವರೆಲ್ಲ ಸೇರುವುದಿಲ್ಲ. ನೂರು ಪಾಸಾದವರಲ್ಲಿ ಎಷ್ಟು ಜನ ನಿಜಕ್ಕೂ ಬರುತ್ತಾರೆ ಎಂಬ ಅಂದಾಜಿನ ಮೇಲೆ ಪಟ್ಟಿ ತಯಾರಾಗಬೇಕು.

ಪರೀಕ್ಷೆಯ ಮೂಲಕ 100 ಸೀಟು ತುಂಬಬೇಕು, ಹಿಂದಿನ ವರ್ಷ ನೂರಕ್ಕೆ 40 ಮಂದಿ ಬಂದಿದ್ದರು ಎಂದಾದರೆ 250 ಜನರನ್ನು ಪಾಸು ಮಾಡಬೇಕು. ಈ ವರ್ಷ ಪಕ್ಕದ ದೊಡ್ಡ ವಿಶ್ವವಿದ್ಯಾಲಯ ತನ್ನ ಪಟ್ಟಿ ಉದ್ದ ಮಾಡಿ, ನಿಮ್ಮಲ್ಲಿಗೆ ಬರುವವರು ನೂರಕ್ಕೆ 30ಕ್ಕೆ ಇಳಿದರೆ ಸಿಗುವುದು 75. ಅದೇ ವಿಶ್ವವಿದ್ಯಾಲಯ ಕೈ ಬಿಗಿ ಹಿಡಿದು ನಿಮ್ಮ ಪ್ರಮಾಣ 50ಕ್ಕೆ ಏರಿದರೆ 125 ಮಂದಿ ಬಾಗಿಲಲ್ಲಿ, ಕೂರಿಸಲು ಪ್ರಯೋಗಾಲಯವಿಲ್ಲ. ಬಲ್ಲವರು 250ರ ಬದಲು 210–220ಕ್ಕೆ ಮೊದಲ ಪಟ್ಟಿ ಹೊರಡಿಸಿ, ಉಳಿದವರನ್ನು ಕಾಯುವ ಪಟ್ಟಿಯಲ್ಲಿಟ್ಟು, ಮಾರ್ಚ್ ಪೂರ್ತಿ ‘ತ್ಸುಯ್ಕಾ ಗೋಕಾಕು’ ಎಂಬ ಹೆಚ್ಚುವರಿ ಪ್ರವೇಶ ಕೊಡುತ್ತ ಹೋಗುತ್ತಾರೆ. ಮಾರ್ಚ್ 31ರೊಳಗೆ ಬೇಡವೆಂದ ವಿದ್ಯಾರ್ಥಿಗೆ ಬೋಧನಾ ಶುಲ್ಕ ಹಿಂತಿರುಗಿಸಬೇಕು, ಪ್ರವೇಶ ಶುಲ್ಕ ಕೊಡಬೇಕಾಗಿಲ್ಲ ಎಂದು ಜಪಾನಿನ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ಹಾಗಾಗಿ ಕಟ್ಟಿದ ಶುಲ್ಕ ನೋಡಿ ಸೀಟು ತುಂಬಿತು ಎಂದು ಭಾವಿಸುವಂತಿಲ್ಲ.

ಈ ಅಂದಾಜಿನ ಹೊರೆ ಇಳಿಸಲೆಂದೇ ಖಾಸಗಿ ವಿಶ್ವವಿದ್ಯಾಲಯಗಳು ಶಾಲಾ ಶಿಫಾರಸು ಮತ್ತು ಸಂದರ್ಶನದ ದಾರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳನ್ನು ಮೊದಲೇ ತೆಗೆದುಕೊಳ್ಳುತ್ತವೆ. ಸಂದರ್ಶನದ ದಾರಿಗೆ ಅರ್ಜಿ ಸೆಪ್ಟೆಂಬರ್ 1ರಿಂದ, ಶಾಲಾ ಶಿಫಾರಸಿಗೆ ನವೆಂಬರ್ 1ರಿಂದ. ಸೀಟು ಬೇಗ ತುಂಬುತ್ತದೆ. ಆದರೆ ನವೆಂಬರಿನಲ್ಲಿ ಸೀಟು ಖಾತ್ರಿಯಾದ ಹುಡುಗ ಏಪ್ರಿಲ್ ತನಕ ಪುಸ್ತಕ ಮುಟ್ಟುವುದಿಲ್ಲ. ಮೊದಲ ವರ್ಷ ಗಣಿತದಲ್ಲಿ ಬಿದ್ದು, ಎರಡನೇ ವರ್ಷ ಬಿಟ್ಟುಹೋಗುತ್ತಾನೆ. ಇದಕ್ಕೆ ಮದ್ದು ಡಿಸೆಂಬರಿನಿಂದಲೇ ಪ್ರವೇಶಪೂರ್ವ ಪಾಠ ಕಳಿಸುವುದು, ಮೊದಲ ಸೆಮಿಸ್ಟರಿನ ಹಾಜರಾತಿಯನ್ನು ವಾರವಾರ ನೋಡುವುದು. ಜೂನ್ ಕೊನೆಗೆ ಹಾಜರಾತಿ ನೋಡಿದರೆ ತಡವಾಯಿತು.

ಸೀಟು ತುಂಬದ ವಿಭಾಗಕ್ಕೆ ಹೊಸ ಹೆಸರು ಅಂಟಿಸುವುದು ಅಲ್ಲಿಯ ಹಳೆಯ ಚಾಳಿ. ‘ಅಂತಾರಾಷ್ಟ್ರೀಯ’, ‘ಡೇಟಾ’, ‘ಸಹಜೀವನ’ ಎಂದು ಪದ ಸೇರಿಸಿದರೆ ಒಂದೆರಡು ವರ್ಷ ಅರ್ಜಿ ಹೆಚ್ಚುತ್ತದೆ, ಪಾಠ ಹಳೆಯದೇ ಎಂದು ಹೈಸ್ಕೂಲಿನ ಮಾರ್ಗದರ್ಶಕ ಮಾಷ್ಟ್ರುಗಳಿಗೆ ತಿಳಿದ ಕೂಡಲೇ ಇಳಿಯುತ್ತದೆ. ಹೊಸ ವಿಭಾಗಕ್ಕೆ ಸಚಿವಾಲಯದ ಅನುಮತಿ ಬೇಕೋ, ತಿಳಿಸಿದರೆ ಸಾಕೋ ಎಂಬುದು ಪದವಿಯ ಕ್ಷೇತ್ರ ಬದಲಾಗುತ್ತದೋ ಇಲ್ಲವೋ ಎಂಬುದನ್ನು ಅವಲಂಬಿಸಿದೆ. ಅನುಮತಿಯ ದಾರಿ ಹಿಡಿದರೆ ತಯಾರಿಗೆ ಎರಡು ವರ್ಷವಾದರೂ ಇಡಿ. ಟೋಕಿಯೋದ 23 ವಾರ್ಡುಗಳೊಳಗೆ ಸೀಟು ಹೆಚ್ಚಿಸುವುದಕ್ಕೆ 2028ರ ಮಾರ್ಚ್ ತನಕ ಕಾನೂನಿನ ತಡೆ ಇದೆ. ಸೀಟು ಇಳಿಸುವುದು ಅವಮಾನವೆಂದು ತಿಳಿಯುವ ಮಂಡಳಿಗಳಿವೆ. 100ರ ಬದಲು 80 ಎಂದು ಮಾಡಿ ಪೂರ್ತಿ ತುಂಬಿಸುವುದೇ ಹೆಚ್ಚಿನ ಸಲ ಜಾಣತನ. ಇನ್ನೊಂದು ದಾರಿಯೂ ಇದೆ. 1997ರಲ್ಲಿ ಖಾಸಗಿಯಾಗಿ ತೆರೆದ ಕೋಚಿ ತಾಂತ್ರಿಕ ವಿಶ್ವವಿದ್ಯಾಲಯ 2009ರಲ್ಲಿ ಸಾರ್ವಜನಿಕ ವಿಶ್ವವಿದ್ಯಾಲಯವಾಯಿತು. ಆದರೆ ಅದಕ್ಕೆ ಸ್ಥಳೀಯ ಸರಕಾರ ಮನಸ್ಸು ಮಾಡಬೇಕು. ಗಕುಚೋ ಒಬ್ಬರಿಂದ ಆಗುವ ಕೆಲಸವಲ್ಲ.

ಪ್ರಾಧ್ಯಾಪಕರ ಸಭೆಯಲ್ಲಿ

2015ರ ಏಪ್ರಿಲ್ ತನಕ ಕ್ಯೋಜುಕಾಯ್ ‘ಮುಖ್ಯ ವಿಷಯಗಳನ್ನು ಚರ್ಚಿಸುವ’ ಸಭೆಯಾಗಿತ್ತು. ವಾಸ್ತವದಲ್ಲಿ ಅಲ್ಲಿ ಒಪ್ಪದೆ ಏನೂ ಮುಂದೆ ಹೋಗುತ್ತಿರಲಿಲ್ಲ. ಅಂದು ಜಾರಿಗೆ ಬಂದ ತಿದ್ದುಪಡಿ ಅದನ್ನು ಅಭಿಪ್ರಾಯ ಹೇಳುವ ಸಭೆಯಾಗಿಸಿತು. ಪ್ರವೇಶ, ಪದವಿ ಪೂರೈಕೆ, ಪದವಿ ಪ್ರದಾನ ಮತ್ತು ಗಕುಚೋ ಗೊತ್ತುಪಡಿಸಿದ ಇತರ ಮುಖ್ಯ ವಿಷಯಗಳಲ್ಲಿ ಸಭೆ ಅಭಿಪ್ರಾಯ ಹೇಳುತ್ತದೆ, ತೀರ್ಮಾನ ಗಕುಚೋದು.

ಕಾನೂನು ತನ್ನ ಕಡೆ ಇದೆ ಎಂದು ಸಭೆಯನ್ನು ದಾಟಿಹೋದ ಗಕುಚೋಗಳ ಪಾಡು ನೆಟ್ಟಗಿರುವುದಿಲ್ಲ. ಹೊಸ ಪಠ್ಯಕ್ರಮಕ್ಕೆ ಸಹಿ ಬೀಳುತ್ತದೆ, ಆದರೆ ಪಾಠ ಮಾಡುವವರು ಹಳೆಯ ಟಿಪ್ಪಣಿಯನ್ನೇ ಓದುತ್ತಾರೆ. ಕೆಲಸ ಆಗಬೇಕಾದರೆ ಮೊದಲು ‘ಗಕುಚೋ ಗೊತ್ತುಪಡಿಸಿದ ವಿಷಯಗಳ’ ಪಟ್ಟಿಯನ್ನು ಬರಹದಲ್ಲಿ ಪ್ರಕಟಿಸಿ, ಪ್ರಾಧ್ಯಾಪಕರ ಮಾತು ಕೇಳಿಯೇ ಅದನ್ನು ತಯಾರಿಸಿ. ಪಟ್ಟಿ ಸ್ಪಷ್ಟವಿಲ್ಲದಿದ್ದರೆ ಪಾರ್ಕಿಂಗ್ ಜಾಗದ ವಿಷಯವೂ ಸಭೆಗೆ ಬರುತ್ತದೆ. ಸಭೆಗೆ ಮೊದಲು ಡೀನ್‌ಗಳನ್ನು ಒಬ್ಬೊಬ್ಬರಾಗಿ ಕಂಡು ಮಾತಾಡಿ. ಅವರ ಮೂಲಕ ವಿಭಾಗದ ಹಿರಿಯರಿಗೆ ಸುದ್ದಿ ತಲುಪಲು ಒಂದೆರಡು ವಾರ ಬಿಡಿ. ಕಾಗದ ಒಂದು ವಾರ ಮೊದಲು ಕೈಗೆ ಸಿಗಲಿ. ‘ನೆಮವಾಶಿ’ ಎಂದು ಅವರು ಕರೆಯುವ ಈ ಮುಂಚಿನ ಓಡಾಟದಲ್ಲಿ ಆಕ್ಷೇಪಗಳು ಬಾಗಿಲು ಮುಚ್ಚಿದ ಕೋಣೆಯಲ್ಲೇ ಹೊರಬರುತ್ತವೆ. ತುಂಬಿದ ಸಭೆಯಲ್ಲಿ ಒಮ್ಮೆ ‘ಆಗುವುದಿಲ್ಲ’ ಎಂದ ಹಿರಿಯ ಪ್ರಾಧ್ಯಾಪಕರು ಆಮೇಲೆ ಹಿಂದೆ ಸರಿಯಲು ಆಗುವುದಿಲ್ಲ. ಸಭೆಯ ಅಭಿಪ್ರಾಯಕ್ಕೆ ವಿರುದ್ಧ ತೀರ್ಮಾನಿಸಬೇಕಾಗಿ ಬಂದರೆ ಕಾರಣವನ್ನು ಬರೆದು ಕೊಡಿ. ನಡಾವಳಿಯಲ್ಲಿ ‘ಸಭೆ ಅನುಮೋದಿಸಿತು’ ಎಂದು ಹಳೆಯ ಅಭ್ಯಾಸದಲ್ಲಿ ಬರೆಯುತ್ತಾರೆ. ‘ಅಭಿಪ್ರಾಯ ಕೇಳಲಾಯಿತು, ಗಕುಚೋ ತೀರ್ಮಾನಿಸಿದರು’ ಎಂದಿರಬೇಕು. ಮೌಲ್ಯಮಾಪನಕ್ಕೆ ಬರುವವರು ಈ ಸಾಲನ್ನು ಹುಡುಕಿ ಓದುತ್ತಾರೆ.

ಕಚೇರಿಯನ್ನು ಮರೆಯಬೇಡಿ. ಕಚೇರಿಯ ಮುಖ್ಯಸ್ಥರಾದ ಜಿಮುಕ್ಯೊಕುಚೋ ನಾಲ್ಕಾರು ಗಕುಚೋಗಳನ್ನು ಕಂಡವರಾಗಿರುತ್ತಾರೆ, ಸಂಸ್ಥೆಯ ಹಣದ ದಾರಿ ಅವರಿಗೆ ಗೊತ್ತು, ರಿಜಿಚೋ ಕಿವಿಗೂ ಹತ್ತಿರ. ಅವರ ಮುದ್ರೆ ಬೀಳದ ‘ರಿಂಗಿಶೋ’ ಎಂಬ ಒಪ್ಪಿಗೆ ಕೋರುವ ಕಾಗದ ಮೇಜಿನಿಂದ ಮೇಜಿಗೆ ಸಾಗುವುದಿಲ್ಲ. ವಾರಕ್ಕೊಮ್ಮೆ ರಿಜಿಚೋ, ಗಕುಚೋ, ಜಿಮುಕ್ಯೊಕುಚೋ ಮೂವರೇ ಅರ್ಧ ಗಂಟೆ ಕೂರುವ ಪದ್ಧತಿ ಇದ್ದಲ್ಲಿ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಎರಡು ಕುರ್ಚಿ ಒಬ್ಬರಿಗೇ ಸಿಕ್ಕರೆ

ರಿಜಿಚೋ, ಗಕುಚೋ ಎರಡೂ ಒಬ್ಬರೇ ಆದರೆ ಕೆಲಸ ವೇಗವಾಗಿ ಸಾಗುತ್ತದೆ, ತಡೆಯುವವರು ಇರುವುದಿಲ್ಲ. ಬೇರೆ ಬೇರೆ ಇದ್ದೂ ಗಕುಚೋ ಸುಮ್ಮನಿದ್ದರೆ ಪರಿಣಾಮ ಅದೇ. 2021ರಲ್ಲಿ ನಿಹೋನ್ ವಿಶ್ವವಿದ್ಯಾಲಯದ ಅಂದಿನ ರಿಜಿಚೋ ತೆರಿಗೆ ವಂಚನೆಯ ಆರೋಪದಲ್ಲಿ ಬಂಧಿತರಾದಾಗ, ಆ ವರ್ಷದ ಸರಕಾರಿ ಅನುದಾನ ಪೂರ್ತಿಯಾಗಿ ನಿಂತಿತು. ಲೇಖಕಿ ಹಯಾಶಿ ಮರಿಕೋ 2022ರ ಜುಲೈಯಲ್ಲಿ ರಿಜಿಚೋ ಆಗಿ ಬಂದರು. ಮರುವರ್ಷ ಅಲ್ಲಿಯ ಅಮೆರಿಕನ್ ಫುಟ್‌ಬಾಲ್ ತಂಡದ ಮಾದಕವಸ್ತು ಪ್ರಕರಣ ನಿಭಾಯಿಸಿದ ರೀತಿಗಾಗಿ ಗಕುಚೋ ಮತ್ತು ಉಪ ಗಕುಚೋ ಹುದ್ದೆ ಬಿಡಬೇಕಾಯಿತು. ಕಾಂಜಿಗಳಿಗೆ ನೇರವಾಗಿ ಮಾಹಿತಿ ಕೊಡುವ ಹಾದಿಯನ್ನು ಗಕುಚೋ ತೆರೆದಿಟ್ಟುಕೊಳ್ಳಬೇಕು. ಕ್ಯಾಂಪಸ್ಸಿನಲ್ಲಿ ಅನಾಹುತವಾದರೆ ಮೊದಲ ದಿನವೇ ಯಾರು ಮಾಧ್ಯಮದೆದುರು ಕೂರಬೇಕು, ಯಾರು ಪೊಲೀಸರಿಗೆ ತಿಳಿಸಬೇಕು ಎಂದು ಮುಂಚೆಯೇ ಬರೆದಿಟ್ಟಿರಬೇಕು.

ಮೌಲ್ಯಮಾಪನ

ಪ್ರತಿ ವಿಶ್ವವಿದ್ಯಾಲಯವೂ 7 ವರ್ಷಕ್ಕೊಮ್ಮೆ ಮಾನ್ಯತೆ ಪಡೆದ ಹೊರಗಿನ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಿಕೊಳ್ಳಬೇಕೆಂಬ ನಿಯಮ 2004ರಿಂದ ಇದೆ. ನಮ್ಮ ನ್ಯಾಕ್ ಭೇಟಿ ಕಂಡವರಿಗೆ ಗದ್ದಲ ಪರಿಚಿತವೇ. ಎಂಥವರಿಗೆ ಪದವಿ, ಎಂಥ ಪಾಠ, ಎಂಥವರಿಗೆ ಪ್ರವೇಶ ಎಂಬ ಮೂರು ನೀತಿಗಳನ್ನು ಪ್ರಕಟಿಸುವುದು 2017ರ ಏಪ್ರಿಲ್‌ನಿಂದ ಕಡ್ಡಾಯ. ಸೋಲುವುದು ಸಾಮಾನ್ಯವಾಗಿ ಇಲ್ಲೇ: ನೀತಿ ಒಂದು ಹೇಳುತ್ತದೆ, ಸಿಲೆಬಸ್ ಇನ್ನೊಂದು. ಎರಡು ವರ್ಷ ಮೊದಲೇ ಒಂದೊಂದು ಕೋರ್ಸಿನ ಎದುರು ಅದು ಯಾವ ನೀತಿಯ ಯಾವ ಸಾಲಿಗೆ ಉತ್ತರ ಎಂದು ಬರೆಸಿದರೆ ಕೊನೆಗೆ ರಾತ್ರಿಯಿಡೀ ಕೂರಬೇಕಾಗಿಲ್ಲ.

ಕಾಸರಗೋಡಿನಿಂದ ಒಪ್ಪಂದಕ್ಕೆ ಹೋಗುವಾಗ

ಮೊದಲು ನಮ್ಮ ಕಡೆಯ ಅಧಿಕಾರ ಎಷ್ಟೆಂದು ತಿಳಿದುಕೊಳ್ಳಿ. ಕಣ್ಣೂರು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಿನ ಪ್ರಿನ್ಸಿಪಾಲರು ಪದವಿ, ಕ್ರೆಡಿಟ್ ವಿಷಯದಲ್ಲಿ ತಾವೇ ಮಾತು ಕೊಡುವಂತಿಲ್ಲ. ಜಂಟಿ ಪದವಿ, ದ್ವಿಪದವಿಗಳಿಗೆ ಯುಜಿಸಿಯ 2022ರ ನಿಯಮಗಳಿವೆ. ವಿದೇಶಿ ಸಂಸ್ಥೆ ಕ್ಯೂಎಸ್ ಅಥವಾ ಟೈಮ್ಸ್‌ನ ವಿಶ್ವ ರ‍್ಯಾಂಕಿಂಗ್ ಪಟ್ಟಿಯ ಮೊದಲ 1000ದೊಳಗೆ ಇರಬೇಕು. ಜಪಾನಿನ ಮಧ್ಯಮ ಗಾತ್ರದ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಬಹಳಷ್ಟು ಆ ಪಟ್ಟಿಯಲ್ಲೇ ಇಲ್ಲ. ಅವರ ಜತೆ ವಿದ್ಯಾರ್ಥಿ ವಿನಿಮಯ, ಅಧ್ಯಾಪಕರ ಭೇಟಿ, ಸಂಶೋಧನೆ ಇಷ್ಟಕ್ಕೆ ತೃಪ್ತಿಪಡಿ. ಕಾಸರಗೋಡಿನಲ್ಲಿ 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದ ಸಿಪಿಸಿಆರ್‌ಐ, ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಇದೆ. ತೋಟದ ಬೆಳೆಯ ವಿಷಯ ಎತ್ತಿಕೊಂಡು 1891ರಲ್ಲಿ ಹುಟ್ಟಿದ ಟೋಕಿಯೋ ಕೃಷಿ ವಿಶ್ವವಿದ್ಯಾಲಯದಂಥ ಖಾಸಗಿ ಸಂಸ್ಥೆಯ ಬಾಗಿಲು ತಟ್ಟಿದರೆ ಮಾತಾಡಲು ಇಬ್ಬರಿಗೂ ಸರಕು ಇರುತ್ತದೆ. ‘ಸಂಸ್ಕೃತಿ ವಿನಿಮಯ’ ಎಂದು ಬರೆದ ಪತ್ರಕ್ಕೆ ಸಿಗುವುದು ವಿನಯದ ಉತ್ತರ ಮಾತ್ರ.

ಅಲ್ಲಿಯ ಕಾಗದದ ದಾರಿ ಹೀಗೆ: ಅಂತಾರಾಷ್ಟ್ರೀಯ ಕಚೇರಿಯಿಂದ ವಿಭಾಗಕ್ಕೆ, ಅಲ್ಲಿಂದ ಡೀನ್‌ಗಳ ಸಭೆಗೆ, ಆಮೇಲೆ ಗಕುಚೋಗೆ, ಹಣ ಅಥವಾ ಕಟ್ಟಡ ಸೇರಿದ್ದರೆ ರಿಜಿಕಾಯ್‌ಗೆ. ತಿಂಗಳುಗಳು ಹಿಡಿಯುತ್ತವೆ. ಜನವರಿಯಿಂದ ಮಾರ್ಚ್ ತನಕ ಪ್ರವೇಶ ಪರೀಕ್ಷೆ, ಬಜೆಟ್, ಪದವಿ ಪ್ರದಾನ. ಆ ಹೊತ್ತಿಗೆ ಪತ್ರ ಕಳಿಸಿದರೆ ಕಾಗದ ಮೇಜಿನ ಕೆಳಗೆ ಸೇರುತ್ತದೆ. ಮೇ, ಜೂನ್ ಅಥವಾ ಅಕ್ಟೋಬರ್ ಒಳ್ಳೆಯದು. ಜೂನ್ ಕೊನೆಯೊಳಗೆ ಲೆಕ್ಕಪತ್ರ ಸಲಹಾ ಸಭೆಗೆ ಹೋಗಬೇಕಾಗಿರುವುದರಿಂದ ರಿಜಿಕಾಯ್ ಮುಟ್ಟುವ ವಿಷಯವಿದ್ದರೆ ಅಕ್ಟೋಬರನ್ನೇ ಆರಿಸಿ.

ಗಕುಚೋ ಜತೆಗಿನ ಭೇಟಿಯಲ್ಲಿ ಹೊಸ ಬೇಡಿಕೆ ಇಡಬೇಡಿ. ಆ ಅರ್ಧ ಗಂಟೆ, ಕೆಳಗೆ ತೀರ್ಮಾನವಾದದ್ದನ್ನು ಮೇಲೆ ಒಪ್ಪಿಕೊಳ್ಳಲು. ಅಲ್ಲಿ ‘ಇನ್ನೂ ಐದು ಸೀಟು ಕೊಡಿ’ ಎಂದರೆ ಅವರು ನಗುತ್ತಾ ‘ಪರಿಶೀಲಿಸುತ್ತೇವೆ’ ಎನ್ನುತ್ತಾರೆ, ಆಮೇಲೆ ಕಾಗದ ಮತ್ತೆ ಮೊದಲ ಮೆಟ್ಟಿಲಿಗೆ ಇಳಿಯುತ್ತದೆ. ಸಾಮಾನ್ಯ ಒಪ್ಪಂದ, ವಿದ್ಯಾರ್ಥಿ ವಿನಿಮಯದ ಒಡಂಬಡಿಕೆ ಎರಡನ್ನೂ ಬೇರೆ ಬೇರೆ ಕಾಗದದಲ್ಲಿ ಮಾಡಿ. ಎರಡನೆಯದರಲ್ಲಿ ವರ್ಷಕ್ಕೆ ಎಷ್ಟು ಮಂದಿ, ಯಾರ ಶುಲ್ಕ ಮನ್ನಾ, ವಸತಿ ಯಾರದು, ವಿಮೆ ಯಾರದು ಎಂದು ಬರೆಯಿರಿ. ಅವರ ವರ್ಷ ಏಪ್ರಿಲ್‌ನಲ್ಲಿ ಶುರುವಾಗುವುದರಿಂದ ನಮ್ಮ ಮಕ್ಕಳಿಗೆ ಸೆಪ್ಟೆಂಬರ್ ಕೊನೆಗೆ ಶುರುವಾಗುವ ಶರತ್ಕಾಲದ ಸೆಮಿಸ್ಟರ್ ಹೊಂದುತ್ತದೆ.

ಸಹಿ ಹಾಕುವ ಮೊದಲು ಆ ವಿಶ್ವವಿದ್ಯಾಲಯದ ವೆಬ್‌ಸೈಟಿನ ‘ಜೋಹೋ ಕೋಕಾಯ್’, ಅಂದರೆ ಮಾಹಿತಿ ಪ್ರಕಟಣೆಯ ಪುಟ ತೆರೆಸಿ ನೋಡಿ. ಸೀಟೆಷ್ಟು, ಓದುತ್ತಿರುವವರೆಷ್ಟು, ಪದವಿ ಪಡೆದವರೆಷ್ಟು ಎಂದು ಅಲ್ಲಿ ಪ್ರಕಟಿಸುವುದು 2011ರಿಂದ ಕಡ್ಡಾಯ. ನಾಲ್ಕು ವರ್ಷದ ಸಂಖ್ಯೆ ಬರೆದುಕೊಂಡು ಹೋಲಿಸಿ. ಸೀಟು 400, ಓದುತ್ತಿರುವವರು 190, ಅವರಲ್ಲಿ ಹೆಚ್ಚಿನವರು ವಿದೇಶಿಯರು ಎಂದಿದ್ದರೆ ನಿಮ್ಮ ಮಕ್ಕಳನ್ನು ಕೇಳುತ್ತಿರುವುದು ಯಾಕೆ ಎಂದು ಗೊತ್ತಾಗುತ್ತದೆ. ವಿದೇಶಿ ವಿದ್ಯಾರ್ಥಿಗಳನ್ನು ತುಂಬಿಸಿಕೊಂಡು ಹಾಜರಾತಿ ನೋಡದೆ, ಮೂರು ವರ್ಷದಲ್ಲಿ ಸುಮಾರು 1,600 ಮಂದಿಯ ಪತ್ತೆಯೇ ಇಲ್ಲದಂತಾದ ಒಂದು ಖಾಸಗಿ ವಿಶ್ವವಿದ್ಯಾಲಯದ ಮೇಲೆ 2019ರಲ್ಲಿ ಅಲ್ಲಿಯ ಸರಕಾರ ಕ್ರಮ ಕೈಗೊಂಡಿತ್ತು. ವಿದೇಶಿ ವಿದ್ಯಾರ್ಥಿಗಳ ಹಾಜರಾತಿ ನೋಡಿಕೊಳ್ಳುವವರು ಯಾರು, ಅವರು ಎಷ್ಟು ಮಂದಿ ಎಂಬ ಪ್ರಶ್ನೆಯನ್ನು ಅಂತಾರಾಷ್ಟ್ರೀಯ ಕಚೇರಿಗೆ ಮೊದಲ ಪತ್ರದಲ್ಲೇ ಕೇಳಿ, ಉತ್ತರವನ್ನು ಬರಹದಲ್ಲಿ ತರಿಸಿಕೊಳ್ಳಿ.